ಅಡಿಕೆ ನೀರಿಗೆ ಬೆಳ್ಳಿ ಯಾಕೆ?

ಬೆಳಗ್ಗೆ ಆರೂವರೆಗೆ ಕಾಲೇಜಿನ ಹಿಂದಿನ ಗೇಟಿನಿಂದ ನಾಲ್ಕು ಜನ ಒಂದು ಫ್ಲಾಸ್ಕ್ ಹಿಡಿದುಕೊಂಡು ಹೊರಗೆ ಹೋಗಿ, ಏಳೂಕಾಲಕ್ಕೆ ಅದೇ ಫ್ಲಾಸ್ಕ್ ಹಿಡಿದು ವಾಪಸ್ ಬಂದರೆ ಸೆಕ್ಯುರಿಟಿ ಅಣ್ಣ ಏನಂದುಕೊಳ್ಳಬೇಕು? ಟೀ ತರೋಕೆ ಹೋಗಿದ್ದಾರೆ ಅಂತ. ಮೊದಲ ಎರಡು ವಾರ ಅವರೂ ಹಾಗೇ ಅಂದುಕೊಂಡಿದ್ದರು. ಮೂರನೇ ವಾರ "ನಂಗೂ ಅರ್ಧ ಲೋಟ ಹಾಕ್ರಪ್ಪ" ಅಂದಾಗ ನಮ್ಮಲ್ಲಿ ಮಂಡ್ಯದವನು ಸುಮ್ಮನೆ ಮುಚ್ಚಳ ತೆಗೆದು ತೋರಿಸಿದ. ಬೆಚ್ಚಗಿನ ಉಪ್ಪುನೀರಿನಲ್ಲಿ ನಾಟಿಕೋಳಿಯ ಕರುಳು ತೇಲುತ್ತಿತ್ತು. ಆಮೇಲೆ ಅವರು ನಮ್ಮನ್ನು ಏನೂ ಕೇಳಲಿಲ್ಲ.

ನಾವು ಬಯೋಟೆಕ್ ಎಂಟನೇ ಸೆಮ್‌ನವರು. ನಾಲ್ಕು ಜನರ ಬ್ಯಾಚು. ಹೆಸರು ಹಾಕಬೇಡಿ ಅಂತ ಇಬ್ಬರು ಮೊದಲೇ ಹೇಳಿದ್ದರಿಂದ ಇಲ್ಲಿ ಊರಿನ ಹೆಸರಲ್ಲೇ ಕರೆಯುತ್ತೇವೆ: ಶಿರಸಿಯವನು, ಮಂಡ್ಯದವನು, ಹಾವೇರಿಯವಳು, ಬೆಂಗಳೂರಿನವಳು. ಮೇಜರ್ ಪ್ರಾಜೆಕ್ಟಿನ ವಿಷಯ: ಅಡಿಕೆಯ ಕಷಾಯದಿಂದ ತಯಾರಿಸಿದ ಬೆಳ್ಳಿಯ ನ್ಯಾನೋಕಣಗಳು ಲಾಡಿಹುಳುವನ್ನು ಕೊಲ್ಲುತ್ತವೆಯೇ?

ಈ ವಿಷಯ ಹೇಗೆ ಸಿಕ್ಕಿತು ಅನ್ನೋದರಲ್ಲಿ ದೊಡ್ಡ ಕಥೆ ಏನಿಲ್ಲ. ಗ್ರೀನ್ ಸಿಂಥೆಸಿಸ್ ಅಂದರೆ ಖರ್ಚು ಕಡಿಮೆ. ಒಂದು ಎಲೆ, ಒಂದು ಹಾಟ್ ಪ್ಲೇಟು, ಸ್ವಲ್ಪ ಸಿಲ್ವರ್ ನೈಟ್ರೇಟು ಇದ್ದರೆ ಸಾಕು, ಶೀರ್ಷಿಕೆಯಲ್ಲಿ 'ನ್ಯಾನೋ' ಅಂತ ಹಾಕಿಕೊಳ್ಳಬಹುದು. ನಮ್ಮ ಸೀನಿಯರ್‌ಗಳು ಬೇವು, ತುಳಸಿ, ನುಗ್ಗೆ, ಲೋಳೆಸರ ಎಲ್ಲವನ್ನೂ ಮುಗಿಸಿದ್ದರು. ಎಲ್ಲರೂ ಕೊಂದಿದ್ದು ಅದೇ ಪಾಪದ ಇ. ಕೋಲೈ ಬ್ಯಾಕ್ಟೀರಿಯಾವನ್ನು. ಹಾಗಾಗಿ ನಾವು ಬೇರೆ ಯಾರನ್ನಾದರೂ ಕೊಲ್ಲೋಣ ಅಂತ ತೀರ್ಮಾನಿಸಿದೆವು. ಲಾಡಿಹುಳು ಅಂದವಳು ಹಾವೇರಿಯವಳು. ಯಾಕೆ ಅಂತ ಆಗ ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಡಿಕೆ ಬಂದಿದ್ದು ಶಿರಸಿಯವನ ಮನೆಯಿಂದ, ಚೀಲದಲ್ಲಿ, ಬಿಟ್ಟಿ.

ಅಡಿಕೆ ಬಿಟ್ಟಿ ಸಿಕ್ಕಿತು ಅನ್ನೋದು ಒಂದೇ ಕಾರಣವಲ್ಲ ಅಂತ ಸಿನಾಪ್ಸಿಸ್‌ನಲ್ಲಿ ಬರೆದೆವು, ಅದು ಸುಳ್ಳೂ ಅಲ್ಲ. ಅಡಿಕೆಯಲ್ಲಿ ಅರೆಕೋಲಿನ್ ಅನ್ನೋ ಆಲ್ಕಲಾಯ್ಡ್ ಇದೆ. ನ್ಯೂಜಿಲೆಂಡಿನಂಥ ಕುರಿ ಸಾಕುವ ದೇಶಗಳಲ್ಲಿ ಕಳೆದ ಶತಮಾನದಲ್ಲಿ ನಾಯಿಗಳ ಲಾಡಿಹುಳು ಕೀಳಿಸಲು ಕೊಡುತ್ತಿದ್ದದ್ದು ಇದನ್ನೇ. ಹುಳು ಸ್ವಾಧೀನ ತಪ್ಪಿ ಕರುಳಿನ ಹಿಡಿತ ಬಿಡುತ್ತದೆ, ನಾಯಿಗೆ ಭೇದಿ ಆಗಿ ಎಲ್ಲ ಹೊರಗೆ ಬರುತ್ತದೆ. ಚೀನಾದಲ್ಲಿ ಅಡಿಕೆ ಮತ್ತು ಕುಂಬಳದ ಬೀಜ ಸೇರಿಸಿ ಮನುಷ್ಯರಿಗೂ ಕೊಡುವ ಪದ್ಧತಿ ಇದೆ. ನಮ್ಮ ಆಯುರ್ವೇದದಲ್ಲಿ ಹುಳುವಿಗೆ ವಾಯುವಿಡಂಗ ಮೊದಲು ನೆನಪಾಗುತ್ತೆ. (ಇದನ್ನು ಓದಿ ಯಾರೂ ಅಡಿಕೆ ಜಗಿಯೋಕೆ ಶುರು ಮಾಡಬೇಡಿ. ಅಡಿಕೆ ಬಾಯಿಯ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ. ಶಿರಸಿಯವನಿಗೆ ಈ ಸಾಲು ಇಷ್ಟವಿಲ್ಲ, ಆದರೂ ಇರಲಿ.)

ಇನ್ನು ಹುಳುವಿನ ವಿಚಾರ. ಲಾಡಿಹುಳುವಿನ ಬಗ್ಗೆ ಪಿಯುಸಿಯಲ್ಲಿ ಓದಿದ್ದು ನಮಗೆಲ್ಲ ಮರೆತು ಹೋಗಿತ್ತು. ಅದಕ್ಕೆ ಬಾಯಿ ಇಲ್ಲ. ಹೊಟ್ಟೆ ಇಲ್ಲ. ಕರುಳಂತೂ ಇಲ್ಲವೇ ಇಲ್ಲ. ಇನ್ನೊಬ್ಬರ ಕರುಳಿನಲ್ಲಿ ಕೂತವರಿಗೆ ಸ್ವಂತದ್ದು ಯಾಕೆ? ತಲೆಯಲ್ಲಿ ಹೀರುಬಟ್ಟಲು, ಕೆಲವಕ್ಕೆ ಕೊಕ್ಕೆ. ಅದರಿಂದ ಕರುಳಿನ ಗೋಡೆಗೆ ಕಚ್ಚಿಕೊಳ್ಳುತ್ತೆ. ಮಿಕ್ಕಿದ್ದೆಲ್ಲ ಪೈಜಾಮದ ಲಾಡಿಯಂತೆ ಉದ್ದಕ್ಕೆ ಜೋಡಿಸಿದ ತುಂಡುಗಳು, ಒಂದೊಂದು ತುಂಡಿನಲ್ಲೂ ಗಂಡು ಹೆಣ್ಣು ಎರಡರ ಅಂಗಗಳು. ಊಟ ಮಾಡುವುದು ಚರ್ಮದಿಂದ. ಮೈಯೆಲ್ಲ ಸೂಕ್ಷ್ಮ ಕೂದಲಿನಂಥ ರಚನೆ, ಅದರ ಮೂಲಕ ಸಕ್ಕರೆ, ಅಮೈನೋ ಆಮ್ಲ ಎಲ್ಲ ಒಳಗೆ ಎಳೆದುಕೊಳ್ಳುತ್ತೆ. ನ್ಯಾನೋಕಣದವರಿಗೆ ಲಾಡಿಹುಳು ಇಷ್ಟವಾಗುವುದು ಇದೇ ಕಾರಣಕ್ಕೆ. ಔಷಧ ನುಂಗಿಸಬೇಕಾಗಿಲ್ಲ, ಚರ್ಮ ಹಾಳು ಮಾಡಿದರೆ ಊಟ ನಿಂತಂತೆ. ಪ್ರಾಜಿಕ್ವಾಂಟೆಲ್ ಮಾತ್ರೆ ಮಾಡುವುದೂ ಹೆಚ್ಚುಕಡಿಮೆ ಅದನ್ನೇ: ಹುಳುವಿನ ಮೈಗೆ ಕ್ಯಾಲ್ಸಿಯಂ ನುಗ್ಗಿಸಿ, ಸ್ನಾಯು ಸೆಟೆಯುವಂತೆ ಮಾಡಿ, ಚರ್ಮ ಕೆಡಿಸುತ್ತೆ.

ಇಲ್ಲೊಂದು ವಿಷಯ. ಫೆಬ್ರವರಿ 10ಕ್ಕೆ ಮತ್ತು ಆಗಸ್ಟ್ 10ಕ್ಕೆ ಶಾಲೆಗಳಲ್ಲಿ ಕೊಡುವ ಜಂತುಹುಳು ಮಾತ್ರೆ ನೆನಪಿದೆಯಲ್ಲ, ಚೀಪಿ ತಿನ್ನುವ ಅಲ್ಬೆಂಡಜೋಲ್? ಅದು ಮುಖ್ಯವಾಗಿ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳಿಗೆ. ಲಾಡಿಹುಳು ಬೇರೆಯೇ ಪಂಗಡ. ನಾವೂ ಮೊದಲ ರಿವ್ಯೂನಲ್ಲಿ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಬೈಸಿಕೊಂಡೆವು.

ಬೆಳ್ಳಿಯ ಕಣ ಮಾಡುವುದು ನಮ್ಮ ಲೆಕ್ಕದಲ್ಲಿ ಒಂದು ಮಧ್ಯಾಹ್ನದ ಕೆಲಸ. ಒಂದು ಲೀಟರ್ ನೀರಿಗೆ 0.17 ಗ್ರಾಂ ಸಿಲ್ವರ್ ನೈಟ್ರೇಟ್ ಹಾಕಿದರೆ ಒಂದು ಮಿಲಿಮೋಲಾರ್. ಅಡಿಕೆ ಪುಡಿಯನ್ನು ಬಿಸಿನೀರಿನಲ್ಲಿ ಇಟ್ಟು ಸೋಸಿದರೆ ಕಷಾಯ. ಎರಡನ್ನೂ ಬೆರೆಸಿ ಕಾಯುವುದು. ಕಷಾಯದ ಪಾಲಿಫಿನಾಲ್‌ಗಳು ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಲೋಹ ಮಾಡುತ್ತವೆ, ಮತ್ತೆ ಅವೇ ಕಣದ ಸುತ್ತ ಕೂತು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತವೆ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದರೆ, ಯುವಿ-ವಿಸಿಬಲ್‌ನಲ್ಲಿ 420 ನ್ಯಾನೋಮೀಟರ್ ಆಸುಪಾಸಿನಲ್ಲಿ ಗುಡ್ಡ ಎದ್ದರೆ ಗೆದ್ದಂತೆ.

ನಮ್ಮದು ಮೊದಲ ದಿನ ಕಂದು ಆಗಲಿಲ್ಲ, ಹಾಲಾಯಿತು. ಡಿಸ್ಟಿಲ್ಡ್ ವಾಟರ್ ಕ್ಯಾನ್ ಖಾಲಿ ಆಗಿದ್ದಾಗ ಯಾರೋ ಪುಣ್ಯಾತ್ಮರು ನಲ್ಲಿ ನೀರು ತುಂಬಿಸಿಟ್ಟಿದ್ದರು. ನಲ್ಲಿ ನೀರಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಬಿಳಿ ಸಿಲ್ವರ್ ಕ್ಲೋರೈಡ್ ಆಗಿ ತಳಕ್ಕೆ ಕೂರಿಸಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಓದಿದ ಪ್ರತಿಕ್ರಿಯೆ! ಅವತ್ತು ನಕ್ಕು ಸುಮ್ಮನಾದೆವು. ಈ ಕ್ಲೋರೈಡ್ ಮುಂದೆ ನಮ್ಮ ಇಡೀ ಪ್ರಾಜೆಕ್ಟಿಗೆ ಕಲ್ಲು ಹಾಕುತ್ತೆ ಅಂತ ಆಗ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಇನ್ನೊಂದು ನೆನಪು: ಗ್ಲೌಸ್ ಹಾಕದೆ ನೈಟ್ರೇಟ್ ಮುಟ್ಟಿದ ಮಂಡ್ಯದವನ ಬೆರಳು ಮರುದಿನ ಕಪ್ಪಗಾಗಿ, ವಾರಗಟ್ಟಲೆ ಎಲ್ಲರೂ "ವೋಟ್ ಹಾಕಿ ಬಂದ್ಯಾ?" ಅಂತ ಕೇಳುತ್ತಿದ್ದರು. ಪ್ರಶ್ನೆಯಲ್ಲಿ ಹುರುಳಿತ್ತು. ಚುನಾವಣೆಯ ಶಾಯಿಯಲ್ಲಿ ಇರುವುದೂ ಸಿಲ್ವರ್ ನೈಟ್ರೇಟೇ, ಮಾಡುವುದೂ ಮೈಸೂರಿನಲ್ಲೇ.

ಹುಳು ಎಲ್ಲಿಂದ ತರೋದು? ಸುಮಾರು ಕಡೆ ಎರೆಹುಳುವಿನ ಮೇಲೆ ಪ್ರಯೋಗ ಮಾಡಿ "ಹುಳುನಾಶಕ" ಅಂತ ಬರೆದುಬಿಡುತ್ತಾರೆ. ಸುಲಭವಾಗಿ ಸಿಗುತ್ತೆ, ಯಾರೂ ಏನೂ ಅನ್ನಲ್ಲ. ಆದರೆ ಎರೆಹುಳುವಿಗೆ ಬಾಯಿಂದ ಬಾಲದವರೆಗೆ ಕರುಳಿದೆ, ಅದು ಮಣ್ಣಿನಲ್ಲಿ ಇರೋದು, ಯಾರ ಹೊಟ್ಟೆಗೂ ಹೋಗಿಲ್ಲ. ರೈತನ ಸ್ನೇಹಿತನನ್ನು ಕೊಂದು ಲಾಡಿಹುಳುವಿನ ಮೇಲೆ ಗೆದ್ದೆ ಅನ್ನೋದು ಯಾವ ನ್ಯಾಯ? ಕೋಳಿಯ ಕರುಳಿನಲ್ಲಿ ರೈಲಿಯೆಟಿನಾ ಅನ್ನೋ ಲಾಡಿಹುಳು ಇರುತ್ತೆ. ಅದನ್ನು ಹುಡುಕಿಕೊಂಡೇ ನಾವು ಕೋಳಿ ಅಂಗಡಿಗೆ ಹೋಗಿದ್ದು.

ಅಂಗಡಿಯ ಭಾಯಿಗೆ ವಿಷಯ ನಮಗಿಂತ ಚೆನ್ನಾಗಿ ಗೊತ್ತಿತ್ತು. "ಬಾಯ್ಲರ್‌ದು ಬೇಡ ಮೇಡಂ, ಅದರಲ್ಲಿ ಹುಳ ಇರಲ್ಲ. ನಾಟಿ ಕೋಳಿದು ತಗೊಳ್ಳಿ, ಅದು ತಿಪ್ಪೆ ಕೆದಕ್ತದಲ್ಲ" ಅಂದರು. ಸರಿಯಾದ ಮಾತು. ಈ ಹುಳುವಿನ ಮರಿ ಇರುವೆ, ಜೀರುಂಡೆಗಳ ಮೈಯಲ್ಲಿ ಬೆಳೆಯುತ್ತೆ. ಅವನ್ನು ಹೆಕ್ಕಿ ತಿನ್ನುವ ಕೋಳಿಗೆ ಬರುತ್ತೆ. ಶೆಡ್ಡಿನಲ್ಲಿ ಬೆಳೆದ ಬ್ರಾಯ್ಲರ್‌ಗೆ ಆ ಭಾಗ್ಯ ಎಲ್ಲಿ. ಕರುಳು ಸೀಳಿದಾಗ ಒಳಗೆ ಬಿಳಿ ದಾರದಂತೆ ಕಂಡ ಹುಳು ಬೆಚ್ಚಗಿನ ಉಪ್ಪುನೀರಿಗೆ ಬಿಟ್ಟ ಮೇಲೂ ಮೆಲ್ಲಗೆ ಕುಗ್ಗಿ ಹಿಗ್ಗುತ್ತಿತ್ತು. ಬೆಂಗಳೂರಿನವಳು ಮೊದಲ ದಿನ ಹೊರಗೆ ಹೋಗಿ ಕೂತಿದ್ದಳು. ನಾಲ್ಕನೇ ವಾರದಿಂದ ಫೋರ್ಸೆಪ್ಸ್ ಅವಳ ಕೈಯಲ್ಲೇ.

ಪ್ರಯೋಗ ಸರಳ. ಪೆಟ್ರಿ ಡಿಶ್‌ಗೆ ಉಪ್ಪುನೀರು, ಕೋಳಿಯ ಮೈಯಷ್ಟು ಬೆಚ್ಚಗೆ. ಐದೈದು ಹುಳು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಪ್ರಾಜಿಕ್ವಾಂಟೆಲ್, ಒಂದಕ್ಕೆ ನಮ್ಮ ನ್ಯಾನೋಕಣ. ಯಾವಾಗ ಅಲುಗಾಟ ನಿಲ್ಲುತ್ತೆ, ಚುಚ್ಚಿದರೂ ಬಿಸಿ ತಾಗಿಸಿದರೂ ಮಿಸುಕದೆ ಯಾವಾಗ ಸಾಯುತ್ತೆ ಅಂತ ಬರೆದುಕೊಳ್ಳುವುದು. ಏನೂ ಹಾಕದ ಡಿಶ್ಶಿನ ಹುಳುಗಳು ಹಾಸ್ಟೆಲ್ ಊಟದ ಬೆಲ್ ಹೊಡೆದರೂ ಆಡುತ್ತಿದ್ದವು. ನಮ್ಮ ನ್ಯಾನೋಕಣದವು ಒಂದು ಲೆಕ್ಚರ್ ಮುಗಿಯುವಷ್ಟರಲ್ಲಿ ಮಲಗಿಬಿಟ್ಟವು. ಮೂರು ವಾರ, ಮೂರು ಸಲ, ಅದೇ ಫಲಿತಾಂಶ! ಅವತ್ತು ರಾತ್ರಿ ಗೇಟಿನ ಹೊರಗೆ ಗೋಬಿ ಮಂಚೂರಿ ಮಂಡ್ಯದವನದು. ಪೇಟೆಂಟ್ ಹೇಗೆ ಫೈಲ್ ಮಾಡೋದು ಅಂತ ಬೆಂಗಳೂರಿನವಳು ಫೋನಿನಲ್ಲಿ ಹುಡುಕಿದಳು.

ಕೆಡಿಸಿದ್ದು ಶಿರಸಿಯವನ ಅಜ್ಜಿ. ಅವನು ವಿಡಿಯೋ ಕಾಲ್ ಮಾಡಿ ಹುಳುವನ್ನೂ ಡಿಶ್ಶನ್ನೂ ತೋರಿಸಿ, ಅಡಿಕೆ ಕಷಾಯಕ್ಕೆ ಬೆಳ್ಳಿ ಹಾಕಿ ಔಷಧ ಮಾಡಿದ್ದನ್ನು ವಿವರಿಸಿದ. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಅಡಿಕೆ ನೀರಿಗೆ ಬೆಳ್ಳಿ ಎಂತಕ್ಕೆ ಹಾಕದು ಮಾಣಿ?" ಅಂದರು.

ನಾವೆಲ್ಲ ನಕ್ಕೆವು. ಆದರೆ ಶಿರಸಿಯವನು ಆ ರಾತ್ರಿ ಸರಿಯಾಗಿ ಮಲಗಲಿಲ್ಲವಂತೆ. ಅಜ್ಜಿ ಕೇಳಿದ್ದು ಅಡುಗೆಮನೆಯ ಪ್ರಶ್ನೆ; ಲ್ಯಾಬಿನ ಭಾಷೆಯಲ್ಲಿ ಅದರ ಹೆಸರು ಕಂಟ್ರೋಲ್. ನಾವು ಬರೀ ಕಷಾಯದಲ್ಲಿ ಹುಳುವನ್ನು ಬಿಟ್ಟು ನೋಡಿಯೇ ಇರಲಿಲ್ಲ.

ಮುಂದಿನ ಬುಧವಾರ ಡಿಶ್ಶುಗಳು ಮೂರರಿಂದ ಆರಾದವು. ಬರೀ ಅಡಿಕೆ ಕಷಾಯ. ಬರೀ ಸಿಲ್ವರ್ ನೈಟ್ರೇಟ್. ಮತ್ತೆ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೂರು ಸಲ ತೊಳೆದ ಕಣಗಳು, ಅಂದರೆ ಸುತ್ತ ಉಳಿದ ಕಷಾಯವೆಲ್ಲ ಹೋಗಿ ಕಣ ಮತ್ತು ಅದಕ್ಕೆ ಅಂಟಿದ್ದು ಮಾತ್ರ.

ಬರೀ ಕಷಾಯದ ಹುಳುಗಳು ನಮ್ಮ ಹೆಮ್ಮೆಯ ನ್ಯಾನೋಕಣದ ಹುಳುಗಳ ಜೊತೆಗೇ ಮಲಗಿದವು. ತೊಳೆದ ಕಣಗಳ ಡಿಶ್ಶಿನಲ್ಲಿ ಮಧ್ಯಾಹ್ನ ಊಟ ಮುಗಿಸಿ ಬಂದರೂ ಹುಳು ಆಡುತ್ತಿತ್ತು, ಸಂಜೆಯ ಹೊತ್ತಿಗೆ ನಿಧಾನವಾಯಿತು ಅಷ್ಟೇ. ಸಿಲ್ವರ್ ನೈಟ್ರೇಟ್ ಹಾಕಿದ ಡಿಶ್ಶು ಹಾಲಾಗಿ ಕೂತಿತ್ತು. ಉಪ್ಪುನೀರು ಅಂದರೆ ಕ್ಲೋರೈಡ್ ಅಲ್ಲವೇ! ಅಲ್ಲಿ ಬೆಳ್ಳಿ ಎಷ್ಟು ಕರಗಿ ಉಳಿದಿದೆ, ಎಷ್ಟು ತಳಕ್ಕೆ ಹೋಗಿದೆ ಅಂತ ದೇವರಿಗೇ ಗೊತ್ತು. ಆಮೇಲೆ ಸರಿಯಾಗಿ ನೋಡಿದರೆ ತೊಳೆದ ಕಣಗಳ ಡಿಶ್ಶಿನ ಕಂದು ಬಣ್ಣವೂ ಬೂದಿಯಾಗಿತ್ತು. ಉಪ್ಪಿನಲ್ಲಿ ಕಣಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು. ನ್ಯಾನೋ ಹೋಗಿ ಬರೀ ಪುಡಿ ಉಳಿದಿತ್ತು. ಪೆಟ್ರಿ ಡಿಶ್ಶಿನಲ್ಲೇ ಹೀಗಾದರೆ, ಹೈಡ್ರೋಕ್ಲೋರಿಕ್ ಆಮ್ಲ ತುಂಬಿದ ಹೊಟ್ಟೆ ದಾಟಿ ಕರುಳಿಗೆ ಹೋಗುವಷ್ಟರಲ್ಲಿ ಏನಾಗಿರುತ್ತೆ ಅಂತ ನೀವೇ ಯೋಚಿಸಿ.

ಅಂದರೆ ಹುಳುವನ್ನು ಮಲಗಿಸಿದ್ದು ಬಹುಮಟ್ಟಿಗೆ ಅಡಿಕೆ. ಬೆಳ್ಳಿ ಮದುವೆ ಮನೆಯಲ್ಲಿ ಓಡಾಡಿಕೊಂಡಿದ್ದ ದೂರದ ನೆಂಟ.

ಇದಾಗಿದ್ದು ಪ್ರಾಜೆಕ್ಟ್ ಎಕ್ಸಿಬಿಷನ್ನಿಗೆ ಹನ್ನೊಂದು ದಿನ ಇದ್ದಾಗ. ಪೋಸ್ಟರ್ ಪ್ರಿಂಟಿಗೆ ಹೋಗಬೇಕು. ಗ್ರಾಫ್‌ನಲ್ಲಿ ಆರು ಕಡ್ಡಿ ಹಾಕೋದಾ, ಮೊದಲಿದ್ದ ಮೂರೇ ಸಾಕಾ? ಮೂರು ಕಡ್ಡಿಯ ಗ್ರಾಫ್ ಚೆನ್ನಾಗಿತ್ತು. ನೋಡಿದವರು ಒಂದೇ ನೋಟಕ್ಕೆ "ಸೂಪರ್" ಅನ್ನುವಂತಿತ್ತು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಎಷ್ಟೋ ಪೇಪರ್‌ಗಳಲ್ಲಿ ಬರೀ ಕಷಾಯದ ಕಂಟ್ರೋಲ್ ಇರೋದೇ ಇಲ್ಲ, ನಾವು ಯಾಕೆ ಹರಿಶ್ಚಂದ್ರರಾಗಬೇಕು ಅನ್ನೋ ಮಾತು ಬಂತು. ಎಂಎಸ್‌ಗೆ ಅಪ್ಲೈ ಮಾಡೋರಿಗೆ ಪಬ್ಲಿಕೇಷನ್ ಬೇಕು ಅನ್ನೋ ಮಾತೂ ಬಂತು. ಇದನ್ನೆಲ್ಲ ಯಾರು ಅಂದರು ಅಂತ ಇಲ್ಲಿ ಬರೆಯಲ್ಲ. 'ನಾವು' ಅಂತ ಬರೆಯೋದರಲ್ಲಿ ಇರುವ ಅನುಕೂಲ ಅದೇ. ಎರಡು ದಿನ ನಾವು ಮೂರು ಕಡ್ಡಿಗೇ ಒಪ್ಪಿದ್ದೆವು ಅನ್ನೋದನ್ನು ಮಾತ್ರ ಹೇಳಿಬಿಡುತ್ತೇವೆ.

ಹಾವೇರಿಯವಳು ಆ ಎರಡು ದಿನ ಏನೂ ಮಾತಾಡಿರಲಿಲ್ಲ. ಮೂರನೇ ರಾತ್ರಿ ಪೋಸ್ಟರಿನ ಇಂಟ್ರೊಡಕ್ಷನ್ ತಿದ್ದುತ್ತಾ ಕೂತಿದ್ದಳು. ಅಲ್ಲಿ ನಾವು ಏಳನೇ ಸೆಮ್‌ನಲ್ಲಿ ಎಲ್ಲಿಂದಲೋ ಎತ್ತಿ ಹಾಕಿದ್ದ ಒಂದು ಸಾಲಿತ್ತು: ಈ ಕಣಗಳು ನ್ಯೂರೋಸಿಸ್ಟಿಸರ್ಕೋಸಿಸ್‌ಗೆ ಹೊಸ ಚಿಕಿತ್ಸೆಯಾಗಬಲ್ಲವು ಅಂತ. ಅವಳು ಅದನ್ನು ಸೆಲೆಕ್ಟ್ ಮಾಡಿ, ಡಿಲೀಟ್ ಒತ್ತದೆ, ಸುಮಾರು ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ ಹೇಳಿದಳು.

ಅವಳ ತಮ್ಮ ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಬಿದ್ದ. ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಯಾರೋ ಕೈಗೆ ಕಬ್ಬಿಣದ ಚಾವಿ ಕೊಟ್ಟರು, ಯಾರೋ ಗಾಳಿ ಅಂದರು, ತಾಯತ ಬಂತು. ಮತ್ತೆರಡು ಸಲ ಬಿದ್ದ ಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಸ್ಕ್ಯಾನಿನಲ್ಲಿ ಮಿದುಳಿನೊಳಗೆ ಒಂದು ಸಣ್ಣ ಉಂಗುರ, ಉಂಗುರದ ಒಳಗೊಂದು ಚುಕ್ಕಿ. ಆ ಚುಕ್ಕಿಯೇ ಹುಳುವಿನ ಮರಿಯ ತಲೆ. ನಮ್ಮ ದೇಶದಲ್ಲಿ ಇಂಥ ಉಂಗುರ ಕಂಡರೆ ವೈದ್ಯರು ಕ್ಷಯದ ಗಂಟಾ ಅಂತಲೂ ನೋಡಬೇಕಾಗುತ್ತೆ. ಚುಕ್ಕಿ ಇದ್ದಿದ್ದರಿಂದ ಇದು ಹಂದಿಯ ಲಾಡಿಹುಳು ಅಂತ ಗೊತ್ತಾಯಿತು.

"ನಮ್ಮ ಮನ್ಯಾಗ ತತ್ತಿ ಸುದ್ದಾ ತಿನ್ನಂಗಿಲ್ಲರೀ, ಹಂದಿ ಹುಳ ಎಲ್ಲಿಂದ ಬಂತು?" ಅಂತ ಅವಳ ಅವ್ವ ಡಾಕ್ಟರನ್ನ ಕೇಳಿದರಂತೆ. ಡಾಕ್ಟರು ತಾಳ್ಮೆಯಿಂದ ಹೇಳಿದರು. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಬೆಳೆಯುವುದು ದೊಡ್ಡ ಹುಳು. ಮಿದುಳಿಗೆ ಹೋಗುವುದು ಅದಲ್ಲ. ಆ ಮನುಷ್ಯನ ಮಲದಲ್ಲಿ ಹೊರಬರುವ ಮೊಟ್ಟೆ ಕೈಯಿಂದಲೋ, ನೀರಿನಿಂದಲೋ, ತೊಳೆಯದ ಸೊಪ್ಪು ತರಕಾರಿಯಿಂದಲೋ ಇನ್ನೊಬ್ಬರ ಬಾಯಿಗೆ ಹೋದರೆ, ಆ ಮೊಟ್ಟೆಯ ಮರಿ ರಕ್ತದಲ್ಲಿ ಹೋಗಿ ಸ್ನಾಯುವಿನಲ್ಲೋ ಮಿದುಳಿನಲ್ಲೋ ಕೂರುತ್ತೆ. ಅದಕ್ಕೆ ಮಾಂಸ ತಿನ್ನಬೇಕಾಗಿಲ್ಲ. ಹಂದಿಯನ್ನು ಮುಟ್ಟದ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳಲ್ಲೂ ಇದು ಕಾಣಿಸಿಕೊಂಡಿದ್ದು 1992ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಈ ಹುಳು ನೆಲೆಯೂರಿದ ಕಡೆಗಳಲ್ಲಿ ಮೂರ್ಛೆರೋಗದ ಸುಮಾರು ಶೇಕಡ 30ರಷ್ಟಕ್ಕೆ ಇದೇ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಅವ್ವನಿಗೆ ಅರ್ಥವಾಯಿತು. ಅಪ್ಪನಿಗೆ ಆಗಲಿಲ್ಲ. ಅಥವಾ ಆದರೂ ನೆಂಟರ ಬಾಯಿ ಮುಚ್ಚಿಸಲು ಆಗಲಿಲ್ಲ. ವಾರಗಟ್ಟಲೆ ಆ ಹುಡುಗನನ್ನು ಕೂರಿಸಿಕೊಂಡು "ಎಲ್ಲಿ ತಿಂದಿ, ಯಾರ ಜೋಡಿ ತಿಂದಿ, ಖರೆ ಹೇಳು" ಅಂತ ಕೇಳಿದ್ದರಂತೆ. ಹದಿಮೂರು ವರ್ಷದ ಹುಡುಗ. ಏನೂ ತಿಂದಿರಲಿಲ್ಲ. ಕೊನೆಗೆ ಬೇಸತ್ತು "ಹೂಂ, ತಿಂದೀನಿ" ಅಂದುಬಿಟ್ಟ.

ಇದನ್ನು ಹೇಳುವಾಗ ಅವಳು ಅಳಲಿಲ್ಲ. ನಮ್ಮ ಕಡೆ ನೋಡಲೂ ಇಲ್ಲ.

ಹುಡುಗ ಈಗ ಚೆನ್ನಾಗಿದ್ದಾನೆ. ಅಲ್ಬೆಂಡಜೋಲ್ ಕೊಟ್ಟರು, ಜೊತೆಗೆ ಸ್ಟೆರಾಯ್ಡ್. ಯಾಕೆಂದರೆ ಮಿದುಳಿನಲ್ಲಿ ಹುಳುವಿನ ಮರಿ ಸತ್ತರೆ ಅದರ ಸುತ್ತ ಬಾವು ಬರುತ್ತೆ, ಆ ಬಾವೇ ಹುಳುವಿಗಿಂತ ಹೆಚ್ಚು ಕಾಟ ಕೊಡಬಹುದು. ಕೊಂದರೆ ಮುಗಿಯಿತು ಅನ್ನುವ ನಮ್ಮ ಪೆಟ್ರಿ ಡಿಶ್ ಲೆಕ್ಕ ಅಲ್ಲಿ ನಡೆಯಲ್ಲ. ಫಿಟ್ಸ್ ಮಾತ್ರೆ ಮಾತ್ರ ಇನ್ನೂ ನಡೆಯುತ್ತಿದೆ, ಡಾಕ್ಟರ್ ಹೇಳುವ ತನಕ ಬಿಡುವ ಹಾಗಿಲ್ಲ. ಅಪ್ಪನಿಗೆ ಆ ಮಾತ್ರೆಯ ಮೇಲೆ ಕೋಪ. ಪೇಪರಿನಲ್ಲಿ, ಫೋನಿನಲ್ಲಿ ಯಾವ ಹೊಸ ಔಷಧ ಕಂಡರೂ ತರಿಸುತ್ತಾರೆ. ಎರಡು ಸಲ ಮಾತ್ರೆ ನಿಲ್ಲಿಸಿ ನೋಡಿದ್ದಾರೆ, ಎರಡೂ ಸಲ ಹುಡುಗ ಬಿದ್ದಿದ್ದಾನೆ.

"ಈ ಪೋಸ್ಟರ್ ಫೋಟೋ ನಮ್ಮಪ್ಪ ನೋಡ್ತಾನ" ಅಂದಳು. "ಮಗಳು ಬೆಳ್ಳಿ ಔಷಧಿ ಕಂಡ್ಹಿಡದಾಳ ಅಂತ ಊರೆಲ್ಲ ಹೇಳ್ತಾನ. ಮುಂದ ಏನ್ ಮಾಡ್ತಾನ ನಿಮಗ ಗೊತ್ತೈತಲ್ಲ?"

ಬೆಳ್ಳಿ ಕುಡಿಯುವುದು ತಮಾಷೆಯ ವಿಷಯ ಅಲ್ಲ. ಆರೋಗ್ಯಕ್ಕೆ ಒಳ್ಳೆಯದು ಅಂತ ಬೆಳ್ಳಿ ನೀರನ್ನು ವರ್ಷಗಟ್ಟಲೆ ಕುಡಿದವರ ಚರ್ಮ ನೀಲಿ-ಬೂದಿ ಬಣ್ಣಕ್ಕೆ ತಿರುಗಿದ್ದಿದೆ, ಆರ್ಜೀರಿಯಾ ಅಂತಾರೆ, ಅದು ವಾಪಸ್ ಹೋಗಲ್ಲ. ಅಷ್ಟಕ್ಕೂ ಕರುಳಿನಲ್ಲಿ ತೇಲುವ ಕೋಳಿ ಹುಳುವಿಗೂ ಮಿದುಳಿನಲ್ಲಿ ಗೂಡು ಕಟ್ಟಿ ಕೂತ ಮರಿಗೂ ಏನು ಸಂಬಂಧ? ಅಲ್ಲಿಗೆ ನಮ್ಮ ಕಣ ತಲುಪುತ್ತೆ ಅನ್ನೋದಕ್ಕೆ ನಮ್ಮ ಹತ್ತಿರ ಒಂದು ಗೆರೆಯ ಪುರಾವೆಯೂ ಇರಲಿಲ್ಲ. ಬರೆಯುವಾಗ ಚೆನ್ನಾಗಿ ಕೇಳಿಸಿತ್ತು, ಹಾಕಿದ್ದೆವು.

ಅವಳು ಡಿಲೀಟ್ ಒತ್ತಿದಳು. ಮಂಡ್ಯದವನು ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡು, "ಬುಡ್ರಪ್ಪ ಅತ್ಲಾಗೆ" ಅಂತ ಗ್ರಾಫಿಗೆ ಆರೂ ಕಡ್ಡಿ ಹಾಕಿದ. ಯಾರೂ ಚರ್ಚೆ ಮಾಡಲಿಲ್ಲ.

ಹಾಗಂತ ಈ ಇಡೀ ಕ್ಷೇತ್ರವೇ ಟೊಳ್ಳು ಅಂತ ನಾವು ಹೇಳುತ್ತಿಲ್ಲ. ಪೋಸ್ಟರ್ ತಿದ್ದುವಾಗ ಮೊದಲೇ ಓದಬೇಕಿದ್ದ ಪೇಪರ್‌ಗಳನ್ನು ಆಗ ಸರಿಯಾಗಿ ಓದಿದೆವು. 2014ರಲ್ಲಿ ನಮ್ಮ ದೇಶದ್ದೇ ಒಂದು ತಂಡ ನೈಗ್ರೋಸ್ಪೋರಾ ಒರೈಜೆ ಅನ್ನೋ ಶಿಲೀಂಧ್ರದಿಂದ ಚಿನ್ನದ ಕಣ ಮಾಡಿ, ನಾವು ಬಳಸಿದ ರೈಲಿಯೆಟಿನಾ ಮೇಲೆಯೇ ಪರೀಕ್ಷಿಸಿ ಪ್ಲೋಸ್ ಒನ್‌ನಲ್ಲಿ ಪ್ರಕಟಿಸಿದೆ. ಶಿಲ್ಲಾಂಗಿನ ಪರಾವಲಂಬಿ ಜೀವಿಗಳ ತಜ್ಞೆ ವೀಣಾ ಟಂಡನ್ ಆ ಲೇಖಕರಲ್ಲಿ ಒಬ್ಬರು. ಅವರು ಹುಳು ಯಾವಾಗ ಸತ್ತಿತು ಅಂತ ಗಡಿಯಾರ ನೋಡಿ ಬಿಟ್ಟುಬಿಡಲಿಲ್ಲ. ಹುಳುವಿನ ಚರ್ಮಕ್ಕೆ ಸಂಬಂಧಿಸಿದ ಫಾಸ್ಫಟೇಸ್, ಎಟಿಪಿಏಸ್‌ನಂಥ ಕಿಣ್ವಗಳು ಏನಾದವು ಅಂತಲೂ ಅಳೆದರು. ನಮಗೂ ಅವರಿಗೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತೆ.

ನಮಗೆ ಹೆಚ್ಚು ನಂಬಿಕೆ ಬಂದಿದ್ದು ಇರಾನಿನ ಕೆಲಸ ಓದಿದಾಗ. ಅಲ್ಲಿ ಕುರಿ, ನಾಯಿ, ಮನುಷ್ಯರ ನಡುವೆ ತಿರುಗುವ ಎಕಿನೋಕಾಕಸ್ ಅನ್ನೋ ಪುಟ್ಟ ಲಾಡಿಹುಳು ದೊಡ್ಡ ಸಮಸ್ಯೆ. ಅದರ ಮರಿ ಮನುಷ್ಯನ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿದ ಚೀಲ ಕಟ್ಟುತ್ತೆ. ಹೈಡಾಟಿಡ್ ಚೀಲ ಅಂತಾರೆ, ನಮ್ಮ ಕಡೆಯ ಸರ್ಜನ್‌ಗಳಿಗೂ ಇದು ಹೊಸದಲ್ಲ. ಆಪರೇಷನ್ ಮಾಡುವಾಗ ಆ ಚೀಲ ಒಡೆದು ಒಂದು ತೊಟ್ಟು ಹೊಟ್ಟೆಯೊಳಗೆ ಚೆಲ್ಲಿದರೆ, ಒಂದೊಂದು ಮರಿತಲೆಯೂ ಹೊಸ ಚೀಲ ಆಗಬಹುದು. ರೋಗಿಗೆ ತೀವ್ರ ಅಲರ್ಜಿ ಆಗಿ ಜೀವಕ್ಕೇ ಕುತ್ತು ಬರಬಹುದು. ಅದಕ್ಕೆ ಸರ್ಜನ್‌ಗಳು ಮೊದಲು ಚೀಲದೊಳಗೆ ಶೇಕಡ 20ರ ಉಪ್ಪುನೀರಿನಂಥ ದ್ರಾವಣ ತುಂಬಿಸಿ ಮರಿಗಳನ್ನು ಕೊಲ್ಲುತ್ತಾರೆ. ಈ ದ್ರಾವಣಗಳು ಪಿತ್ತನಾಳಕ್ಕೆ ಸೋರಿದರೆ ಅದೂ ಅಪಾಯ. ಅದಕ್ಕಿಂತ ಸೌಮ್ಯವಾದದ್ದು ಸಿಗುತ್ತಾ ಅಂತ ಅಲ್ಲಿನವರು 2014ರ ಸುಮಾರಿಗೆ ಬ್ಯಾಕ್ಟೀರಿಯಾದಿಂದ ಮಾಡಿದ ಸೆಲೆನಿಯಂ ಕಣ, 2015ರಲ್ಲಿ ಪೆನಿಸಿಲಿಯಂ ಬೂಷ್ಟಿನಿಂದ ಮಾಡಿದ ಬೆಳ್ಳಿ ಕಣಗಳನ್ನು ಮರಿತಲೆಗಳ ಮೇಲೆ ಪ್ರಯತ್ನಿಸಿದರು. ಸತ್ತದ್ದು ಯಾವುದು ಅಂತ ತಿಳಿಯಲು ಇಯೋಸಿನ್ ಬಣ್ಣ: ಬದುಕಿದ್ದು ಬಣ್ಣ ಹಿಡಿಯಲ್ಲ, ಸತ್ತದ್ದು ಕೆಂಪಾಗುತ್ತೆ.

ಇದು ನಮಗೆ ಯಾಕೆ ಹಿಡಿಸಿತು ಅಂದರೆ, ಇಲ್ಲಿ ಔಷಧ ಹೊಟ್ಟೆಯ ಆಮ್ಲ ದಾಟಬೇಕಾಗಿಲ್ಲ, ರಕ್ತದಲ್ಲಿ ತಿರುಗಬೇಕಾಗಿಲ್ಲ. ಸೂಜಿಯಿಂದ ಚೀಲದೊಳಗೆ ಹೋಗುತ್ತೆ, ಹತ್ತಿಪ್ಪತ್ತು ನಿಮಿಷ ಕೆಲಸ ಮಾಡುತ್ತೆ, ಮತ್ತೆ ಹೀರಿ ಹೊರಗೆ ತೆಗೆಯಬಹುದು. ಕಣಕ್ಕೆ ತಕ್ಕ ಕೆಲಸ ಅಂದರೆ ಇದು. ಇದೂ ಡಿಶ್ಶಿನಲ್ಲಿ ಆದದ್ದೇ, ಆಸ್ಪತ್ರೆಯ ಬಾಗಿಲಿಗೆ ಇನ್ನೂ ದೂರವಿದೆ. ಇನ್ನೊಂದು ದಾರಿ, ಹುಳುವನ್ನು ಕೊಲ್ಲುವ ಕೆಲಸ ಅಲ್ಬೆಂಡಜೋಲ್‌ಗೇ ಬಿಟ್ಟು ಕಣವನ್ನು ಬರೀ ಗಾಡಿಯಾಗಿ ಬಳಸೋದು. ಆ ಔಷಧ ನೀರಿನಲ್ಲಿ ಸರಿಯಾಗಿ ಕರಗಲ್ಲ, ಜಿಡ್ಡಿನ ಊಟದ ಜೊತೆ ತಗೊಂಡರೆ ರಕ್ತಕ್ಕೆ ಸುಮಾರು ಐದು ಪಟ್ಟು ಹೆಚ್ಚು ಸೇರುತ್ತೆ. ತುಪ್ಪ ಮಾಡುವ ಕೆಲಸವನ್ನು ಕಣದಿಂದ ಮಾಡಿಸಬಹುದಾ ಅನ್ನೋದು ಒಳ್ಳೆಯ ಪ್ರಶ್ನೆ. ನಮಗೆ ಸೆಮಿಸ್ಟರ್ ಉಳಿದಿರಲಿಲ್ಲ.

ಎಕ್ಸಿಬಿಷನ್ ದಿನ ಪೋಸ್ಟರಿನ ಬಲಮೂಲೆಯಲ್ಲಿ ಹಾವೇರಿಯವಳು ಅಂಗೈಯಗಲದ ಒಂದು ಚೌಕ ಬಿಡಿಸಿಕೊಂಡು ಕನ್ನಡದಲ್ಲ ಬರೆದಿದ್ದಳು: ಮಾಂಸ ತಿನ್ನದವರಿಗೂ ಮಿದುಳಿನ ಲಾಡಿಹುಳು ಬರುತ್ತದೆ, ಹೇಗೆ ಬರುತ್ತದೆ, ಫಿಟ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು, ಈ ಪೋಸ್ಟರಿನಲ್ಲಿ ಇರುವುದು ಔಷಧವಲ್ಲ. ಇಂಗ್ಲಿಷ್ ಪೋಸ್ಟರಿನಲ್ಲಿ ಕನ್ನಡ ಯಾಕೆ ಅಂತ ಒಬ್ಬರು ಕೇಳಿದರು. ಉಳಿದವರು ಅದನ್ನೇ ಹೆಚ್ಚು ಹೊತ್ತು ನಿಂತು ಓದಿದರು.

ಪೇಪರಿನವರೊಬ್ಬರು ಬಂದು "ಹಾಗಾದ್ರೆ ಲಾಡಿಹುಳುವಿಗೆ ಔಷಧಿ ಕಂಡುಹಿಡಿದಿದ್ದೀರಾ?" ಅಂದರು. ಇಲ್ಲ ಸರ್ ಅಂದೆವು. "ಮತ್ತೇನು ಕಂಡುಹಿಡಿದ್ರಿ?" ಬೆಳ್ಳಿ ಹಾಕಿದರೂ ಹಾಕದಿದ್ದರೂ ಅಡಿಕೆ ಅಷ್ಟೇ ಕೆಲಸ ಮಾಡುತ್ತೆ ಅಂತ ಕಂಡುಹಿಡಿದೆವು ಸರ್. ಅವರು ಪೆನ್ನು ಜೇಬಿಗೆ ಹಾಕಿಕೊಂಡು ಪಕ್ಕದ ಸ್ಟಾಲಿಗೆ ಹೋದರು. ಮರುದಿನ ಮೆಕ್ಯಾನಿಕಲ್‌ನವರ ಡ್ರೋನ್ ಫೋಟೋ ಬಂತು. ಪ್ರೈಜೂ ಅವರಿಗೇ. ವೈವಾದಲ್ಲಿ ಬಂದ ಎಕ್ಸ್‌ಟರ್ನಲ್ ಮಾತ್ರ ಆರು ಕಡ್ಡಿಯ ಗ್ರಾಫನ್ನು ಸುಮಾರು ಹೊತ್ತು ನೋಡಿ, "ತೊಳೆದ ಕಣ ಸಂಜೆ ಹೊತ್ತಿಗೆ ಹುಳುವನ್ನು ನಿಧಾನ ಮಾಡಿತಲ್ಲ, ಅದು ಬೆಳ್ಳಿಯಿಂದಲಾ ಅಥವಾ ಕಣಕ್ಕೆ ಅಂಟಿಕೊಂಡು ಉಳಿದ ಅರೆಕೋಲಿನ್‌ನಿಂದಲಾ?" ಅಂತ ಕೇಳಿದರು. ನಾವು ನಾಲ್ಕೂ ಜನ ಮುಖ ಮುಖ ನೋಡಿಕೊಂಡೆವು. ಅದಕ್ಕೆ ಏಳನೇ ಡಿಶ್ ಬೇಕಿತ್ತು.

ಆ ಚೌಕದ ಫೋಟೋವನ್ನು ಅವಳು ಅಂದೇ ಅಪ್ಪನಿಗೆ ವಾಟ್ಸಾಪ್ ಮಾಡಿದ್ದಳು. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ರಾತ್ರಿ ಮೆಸ್ಸಿನಲ್ಲಿ ಕೂತಿದ್ದಾಗ ಫೋನ್ ನಮ್ಮ ಕಡೆ ತಿರುಗಿಸಿ ತೋರಿಸಿದಳು. ಅಪ್ಪ ಅದನ್ನು ಮನೆತನದವರ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದರು. ಮೇಲೂ ಕೆಳಗೂ ಏನೂ ಬರೆದಿರಲಿಲ್ಲ.

ಮುಂದಿನ ಬ್ಯಾಚಿನವರು ಯಾರಾದರೂ ಏಳನೇ ಡಿಶ್ ಇಡುವುದಾದರೆ, ತೊಳೆದ ಕಣಗಳ ಟ್ಯೂಬು ಫ್ರಿಡ್ಜಿನ ಎರಡನೇ ತಟ್ಟೆಯಲ್ಲಿ ಫಾಯಿಲ್ ಸುತ್ತಿ ಇಟ್ಟಿದ್ದೇವೆ, ಹೊಸದು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಡಿಸ್ಟಿಲ್ಡ್ ವಾಟರ್ ಕ್ಯಾನನ್ನು ನಂಬಬೇಡಿ. ಕರುಳಿಗೆ ಬುಧವಾರ ಹೋಗಿ. ಭಾನುವಾರ ಭಾಯಿಗೆ ಪುರುಸೊತ್ತಿರಲ್ಲ.